ಎಡಿಎಚ್‌ಡಿ ಹುಟ್ಟುಗುಣವಾ, ಬೆಳೆದ ರೀತಿಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಗಳಲ್ಲಿ, ಮದುವೆಮನೆ ಪಂಕ್ತಿಯಲ್ಲಿ, ಶಾಲೆಯ ಗೇಟಿನ ಹತ್ತಿರ ನನಗೆ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವೈದ್ಯೆ ಅಲ್ಲ. 36ನೇ ವಯಸ್ಸಿನಲ್ಲಿ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಇದೆ ಎಂದು ಗೊತ್ತಾದವಳು, ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದವಳು. (ಮಾಡಬೇಕಾದ ಕೆಲಸ ಬಿಟ್ಟು ಓದಿದವಳು ಅಂದರೂ ಸರಿ.)

## ಮೊದಲ ಭೇಟಿಯಲ್ಲೇ ಕೇಳುವವು

ಒಂದೇ ಮಾತಲ್ಲಿ ಹೇಳಿ, ಹುಟ್ಟಿನಿಂದ ಬರೋದಾ, ಆಮೇಲೆ ಬರೋದಾ?

ಒಲವು, ಅಂದರೆ ಹೀಗಾಗುವ ಪ್ರವೃತ್ತಿ, ಹುಟ್ಟಿನಿಂದ. ಆ ಒಲವು ಎಷ್ಟು ತೊಂದರೆ ಕೊಡುತ್ತದೆ ಅನ್ನುವುದು ಮನೆ, ಶಾಲೆ, ಕೆಲಸದಿಂದ. ಕಲಿತ ಜಾಣ್ಮೆಗಳು ಅದನ್ನು ಮುಚ್ಚುತ್ತವೆ, ಅಳಿಸುವುದಿಲ್ಲ. ಒಂದೇ ಮಾತು ಕೇಳಿದಿರಿ, ಮೂರಾಯಿತು.

ಇದೆಲ್ಲ ಮೊಬೈಲ್ ಬಂದ ಮೇಲೆ ಶುರುವಾಗಿದ್ದಲ್ವಾ? ನಮ್ಮ ಕಾಲದಲ್ಲಿ ಎಲ್ಲಿತ್ತು?

ಇತ್ತು, ಹೆಸರು ಬೇರೆ ಇತ್ತು. ಜರ್ಮನಿಯ ವೈದ್ಯ ಮೆಲ್ಚಿಯೋರ್ ಆಡಮ್ ವೈಕಾರ್ಡ್ 1775ರಲ್ಲೇ ಗಮನ ನಿಲ್ಲದವರ ಬಗ್ಗೆ ಬರೆದಿದ್ದ. 1798ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್, ಹುಟ್ಟಿನಿಂದಲೇ ಹೀಗಿರುವ ಮಕ್ಕಳ ವಿಷಯ ಎತ್ತಿದ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೇನೂ ಕಡಿಮೆಯಿಲ್ಲದ ಆದರೆ ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳ ಬಗ್ಗೆ ಮೂರು ಉಪನ್ಯಾಸ ಕೊಟ್ಟ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಜಾಗ ಸಿಕ್ಕಿದ್ದು 1968ರಲ್ಲಿ. ಈಗಿನ ಹೆಸರು ಬಂದಿದ್ದು 1987ರಲ್ಲಿ. ಅಷ್ಟರಲ್ಲಿ ಸ್ಮಾರ್ಟ್‌ಫೋನ್ ಎಲ್ಲಿತ್ತು?

ಹಾಗಂತ ಮೊಬೈಲ್‌ಗೆ ಸಂಬಂಧವೇ ಇಲ್ಲ ಅಂತ ಹೇಳಲಾರೆ. ಲಾಸ್ ಏಂಜಲೀಸ್‌ನಲ್ಲಿ 2,587 ಹದಿಹರೆಯದವರನ್ನು 2 ವರ್ಷ ಗಮನಿಸಿದರು. ಫಲಿತಾಂಶ 2018ರಲ್ಲಿ ಬಂತು. ಮೊಬೈಲ್, ಕಂಪ್ಯೂಟರ್ ತೆರೆಯ ಬಳಕೆ ಜಾಸ್ತಿ ಇದ್ದವರಲ್ಲಿ ಆಮೇಲೆ ಲಕ್ಷಣಗಳು ಸ್ವಲ್ಪ ಹೆಚ್ಚು ಕಂಡವು. ಆದರೆ ಚಂಚಲ ಮಗುವೇ ಮೊಬೈಲ್ ಕಡೆ ಹೆಚ್ಚು ವಾಲುತ್ತದೆ ಅನ್ನುವುದೂ ನಿಜ. ಯಾವುದು ಮೊದಲು ಅಂತ ಬಿಡಿಸುವುದು ಕಷ್ಟ.

ಹೋಮ್‌ವರ್ಕ್‌ಗೆ ಐದು ನಿಮಿಷ ಕೂರಲ್ಲ, ಕ್ರಿಕೆಟ್ ಮೂರು ಗಂಟೆ ನೋಡ್ತಾನೆ. ಇದು ಸೋಮಾರಿತನ ಅಲ್ವೇ?

ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ಗಮನದ ಕೊರತೆ ಅಂತ ಹೆಸರು, ಇರುವುದು ಗಮನದ ಹಿಡಿತದ ಕೊರತೆ. ಆಸಕ್ತಿ, ಹೊಸತನ, ತಕ್ಷಣದ ಫಲ ಇದ್ದ ಕಡೆ ಗಮನ ತಾನಾಗಿ ಅಂಟಿಕೊಳ್ಳುತ್ತದೆ. ಬೇಕು ಅನ್ನಿಸಿದ ಕಡೆಗೆ ಎಳೆದುಕೊಂಡು ಹೋಗಲು ಆಗುವುದಿಲ್ಲ. ಸೋಮಾರಿಗೆ ಸುಮ್ನೆ ಕೂತರೆ ಹಾಯಿ. ಇವರಿಗೆ ಕೂತಷ್ಟೂ ಹೊತ್ತು ಒಳಗೊಳಗೇ ಬೈಗುಳ ನಡೆದಿರುತ್ತದೆ.

ನಾನು ಬೆಳೆಸಿದ್ದರಲ್ಲೇ ತಪ್ಪಾಯ್ತಾ?

ಅಮ್ಮಂದಿರೇ ಇದನ್ನು ಕೇಳುತ್ತಾರೆ. ಅಪ್ಪಂದಿರು ಕೇಳಿದ್ದು ನನಗೆ ನೆನಪಿಲ್ಲ.

ಇಲ್ಲ. ಒಂದೇ ಮನೆಯಲ್ಲಿ, ಒಂದೇ ಶಿಸ್ತಿನಲ್ಲಿ ಬೆಳೆದಿದ್ದರಿಂದ ಮಕ್ಕಳು ಈ ವಿಷಯದಲ್ಲಿ ಒಂದೇ ಥರ ಆಗುತ್ತಾರಾ ಅಂತ, ಜೀನ್ ಪೂರ್ತಿ ಒಂದೇ ಇರುವ ಅವಳಿಗಳನ್ನು ಉಳಿದ ಅವಳಿಗಳ ಜೊತೆ ಹೋಲಿಸುವ ಅವಳಿ ಅಧ್ಯಯನಗಳು ನೋಡಿವೆ. ಆ ಪ್ರಭಾವ ಬಹಳ ಕಡಿಮೆ. ಇನ್ನೊಂದು ವಿಷಯ ಹೇಳುತ್ತೇನೆ. 1970ರ ದಶಕದ ಕೊನೆಯಲ್ಲಿ ಸಂಶೋಧಕರು ಚಡಪಡಿಸುವ ಹುಡುಗರು ಮತ್ತು ಅವರ ತಾಯಂದಿರನ್ನು ಒಟ್ಟಿಗೆ ಕೂರಿಸಿ ಗಮನಿಸಿದರು. ಹುಡುಗರಿಗೆ ಔಷಧಿ ಕೊಟ್ಟಾಗ ತಾಯಂದಿರ ಗದರಿಕೆ, ಅಪ್ಪಣೆಗಳೂ ಕಡಿಮೆಯಾದವು. ತಾಯಿ ಗದರುವುದರಿಂದ ಮಗು ಹಾಗಾಗಿದೆ ಅಂತ ನೆರೆಮನೆಯವರು ಅಂದುಕೊಂಡಿದ್ದು ತಿರುವುಮುರುವು.

ಸಕ್ಕರೆಯ ಕಥೆಯೂ ಇಂಥದ್ದೇ. 1994ರ ಒಂದು ಪ್ರಯೋಗದಲ್ಲಿ ಕೆಲವು ತಾಯಂದಿರಿಗೆ "ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ" ಎಂದರು. ಕೊಟ್ಟಿದ್ದು ಸಕ್ಕರೆಯಿಲ್ಲದ ಸಿಹಿ. ಆದರೂ ಆ ತಾಯಂದಿರು ಮಗ ಜಾಸ್ತಿ ಕುಣಿದಾಡುತ್ತಿದ್ದಾನೆ ಎಂದರು, ಅವನನ್ನು ಹೆಚ್ಚು ಟೀಕಿಸಿದರು. ಹಬ್ಬದ ದಿನ ಹೋಳಿಗೆ ತಿಂದ ಮಗುವಿನ ಮೇಲೆ ಅನುಮಾನ ಪಡುವ ಮುಂಚೆ ಇದನ್ನು ನೆನೆಯಿರಿ.

ಒಂದು ಅಪವಾದ ಇದೆ, ತೀರಾ ಕ್ರೂರವಾದದ್ದು. ರೊಮೇನಿಯಾದ ಅನಾಥಾಲಯಗಳಲ್ಲಿ ಯಾರೂ ಎತ್ತಿ ಆಡಿಸದೆ ಬೆಳೆದ ಮಕ್ಕಳನ್ನು 1990ರ ನಂತರ ಇಂಗ್ಲೆಂಡಿನ ಕುಟುಂಬಗಳು ದತ್ತು ಪಡೆದವು. ಅಲ್ಲಿ 6 ತಿಂಗಳಿಗಿಂತ ಹೆಚ್ಚು ಕಳೆದ ಮಕ್ಕಳಲ್ಲಿ ಎಡಿಎಚ್‌ಡಿ ಲಕ್ಷಣಗಳು ಹೆಚ್ಚಿದ್ದವು. ಒಳ್ಳೆಯ ಮನೆ ಸಿಕ್ಕಿದ ಮೇಲೂ ಅನೇಕರಲ್ಲಿ ಅವು ದೊಡ್ಡವರಾಗುವ ತನಕ ಉಳಿದವು. ಅಂದರೆ ಪರಿಸರ ಮೆದುಳನ್ನು ತಟ್ಟಬಲ್ಲದು. ಆದರೆ ನೀವು ಟಿಫಿನ್ ಬಾಕ್ಸ್ ಮರೆತ ಮಗನಿಗೆ ಬೈದಿದ್ದು ಆ ಸಾಲಿಗೆ ಸೇರುವುದಿಲ್ಲ.

## ರಕ್ತದಲ್ಲಿ ಬರುವ ಮಾತು

74 ಪರ್ಸೆಂಟ್ ಅನುವಂಶೀಯ ಅಂತ ಓದಿದೆ. ಹಾಗಾದ್ರೆ ನನ್ನ ಮಗಳಿಗೆ ಬರೋ ಸಾಧ್ಯತೆ 74 ಪರ್ಸೆಂಟಾ?

ಅಲ್ಲ. ಈ ಅಂಕಿಯಷ್ಟು ತಪ್ಪಾಗಿ ಓದಿಸಿಕೊಳ್ಳುವುದು ಇನ್ನೊಂದಿಲ್ಲ. 37 ಅವಳಿ ಅಧ್ಯಯನಗಳ ಸರಾಸರಿ ಶೇ. 74. ಅದು ಹೇಳುವುದು ಇಷ್ಟೇ: ಒಂದು ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಸುಮಾರು ಮುಕ್ಕಾಲು ಪಾಲು ಜೀನ್‌ಗಳ ವ್ಯತ್ಯಾಸಕ್ಕೆ ತಾಳೆಯಾಗುತ್ತದೆ. ನಿಮ್ಮ ಮಗಳೊಬ್ಬಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದ್ದರೆ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ, ಅದು ನಿಜ. ಹಾಗಿದ್ದೂ ಬಾರದೆ ಇರುವ ಮಕ್ಕಳು ಬಹಳ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದೊಡ್ಡದು. ಅನುವಂಶೀಯ ಅಂದರೆ ಬದಲಾಗದ್ದು, "ಹುಟ್ಟುಗುಣ ಸುಟ್ಟರೂ ಹೋಗದು" ಅನ್ನುವ ಗಾದೆಯ ಥರ ಅಂತ. ಕನ್ನಡಕದ ಉದಾಹರಣೆ ತೆಗೆದುಕೊಳ್ಳಿ. ದೂರದ್ದು ಮಸುಕಾಗಿ ಕಾಣುವ ದೋಷವೂ ಅವಳಿ ಅಧ್ಯಯನಗಳಲ್ಲಿ ಬಹಳ ಅನುವಂಶೀಯ. ಆದರೂ ತೈವಾನ್, ಸಿಂಗಪುರದಲ್ಲಿ ಎರಡು ಮೂರು ತಲೆಮಾರಿನಲ್ಲೇ ಕನ್ನಡಕದ ಮಕ್ಕಳು ವಿಪರೀತ ಹೆಚ್ಚಿದರು. ಜೀನ್‌ಗಳು ಅಷ್ಟು ಬೇಗ ಬದಲಾಗುವುದಿಲ್ಲ. ಬದಲಾಗಿದ್ದು ಪುಸ್ತಕದ ಮುಂದೆ ಕೂರುವ ಹೊತ್ತು, ಬಿಸಿಲಿಗೆ ಬೀಳದ ಬಾಲ್ಯ. 2010ರಲ್ಲಿ ತೈವಾನ್ ಶಾಲೆಗಳು ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡಲು ಶುರು ಮಾಡಿದ ಮೇಲೆ ಏರುತ್ತಿದ್ದ ಸಂಖ್ಯೆ ಇಳಿಮುಖವಾಯಿತು. ಯಾರ ಕಣ್ಣು ಬೇಗ ಕೆಡುತ್ತದೆ ಅನ್ನುವುದನ್ನು ಜೀನ್ ಹೇಳುತ್ತದೆ. ಊರಲ್ಲಿ ಎಷ್ಟು ಕಣ್ಣು ಕೆಡುತ್ತವೆ ಅನ್ನುವುದನ್ನು ಶಾಲೆ ಹೇಳುತ್ತದೆ. ಎಡಿಎಚ್‌ಡಿಯನ್ನೂ ನಾನು ಹೆಚ್ಚುಕಡಿಮೆ ಹೀಗೇ ನೋಡುತ್ತೇನೆ.

ಹಾಗಾದ್ರೆ ರಕ್ತ ಪರೀಕ್ಷೆನೋ ಸ್ಕ್ಯಾನೋ ಮಾಡಿಸಿ ಖಚಿತ ಮಾಡ್ಕೋಬಹುದಲ್ಲ?

ಆಗುವುದಿಲ್ಲ. ಯಾರಾದರೂ ದುಡ್ಡು ತೆಗೆದುಕೊಂಡು ಮಾಡಿಕೊಡುತ್ತೇವೆ ಅಂದರೆ ಎದ್ದು ಬನ್ನಿ. ಎಡಿಎಚ್‌ಡಿ ಇರುವ 38,691 ಜನರ ಜೀನ್ ನೋಡಿದ 2023ರ ಅಧ್ಯಯನ 27 ಜಾಗಗಳನ್ನು ಗುರುತಿಸಿತು. ಒಂದೊಂದರ ಪಾಲು ಸಾಸಿವೆಯಷ್ಟು. ಸ್ಕ್ಯಾನ್‌ಗಳಲ್ಲೂ ಗುಂಪು ಗುಂಪಿಗೆ ವ್ಯತ್ಯಾಸ ಕಾಣುತ್ತದೆ. 2007ರ ಒಂದು ಅಧ್ಯಯನದಲ್ಲಿ ಮೆದುಳಿನ ಹೊರಪದರದ ಅರ್ಧ ಭಾಗ ಪೂರ್ತಿ ದಪ್ಪಕ್ಕೆ ಬರುವ ವಯಸ್ಸು ಬೇರೆ ಮಕ್ಕಳಲ್ಲಿ ಸುಮಾರು 7.5 ಇದ್ದರೆ, ಎಡಿಎಚ್‌ಡಿ ಮಕ್ಕಳಲ್ಲಿ 10.5. ಆದರೆ ಒಂದು ಮಗುವಿನ ಸ್ಕ್ಯಾನ್ ಹಿಡಿದು ಹೌದು, ಅಲ್ಲ ಎನ್ನಲು ಬರುವುದಿಲ್ಲ. ಇವತ್ತಿಗೂ ಇರುವ ದಾರಿ ಕೂತು ಮಾತಾಡುವುದೇ: 12 ವರ್ಷಕ್ಕೆ ಮುಂಚೆ ಲಕ್ಷಣ ಇತ್ತಾ, ಮನೆ ಶಾಲೆ ಎರಡೂ ಕಡೆ ಇದೆಯಾ, ಬದುಕಿಗೆ ತೊಡಕಾಗಿದೆಯಾ. ಕೊನೆಯ ಪ್ರಶ್ನೆಯಲ್ಲಿ ಸಮಾಜ ಆಗಲೇ ಒಳಗೆ ಬಂದು ಕೂತಿರುತ್ತದೆ, ನೋಡಿ.

ಬಸುರಿಯಾಗಿದ್ದಾಗ ನಾನೇನಾದ್ರೂ ತಪ್ಪು ಮಾಡಿದ್ನಾ?

ಅವಧಿಗೆ ಮುಂಚೆ ಹುಟ್ಟುವುದು, ಹುಟ್ಟುವಾಗ ತೂಕ ಬಹಳ ಕಡಿಮೆ ಇರುವುದು, ಮೈಗೆ ಸೀಸ ಸೇರುವುದು, ಇವು ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಇವು ಯಾರ ತಪ್ಪೂ ಅಲ್ಲ. ಸೀಸ ಬೆರೆತ ಪೆಟ್ರೋಲ್ ನಮ್ಮ ದೇಶದಲ್ಲಿ ನಿಂತಿದ್ದೇ 2000ದಲ್ಲಿ. ಬಸುರಿ ಸಿಗರೇಟು ಸೇದಿದರೆ ಮಗುವಿಗೆ ಬರುತ್ತದೆ ಅಂತ ಬಹಳ ಕಾಲ ನಂಬಿದ್ದರು. ಸ್ವೀಡನ್‌ನಲ್ಲಿ ಒಬ್ಬಳೇ ತಾಯಿಯ ಮಕ್ಕಳನ್ನು, ಒಬ್ಬ ಹೊಟ್ಟೆಯಲ್ಲಿದ್ದಾಗ ಸೇದಿದ್ದು, ಇನ್ನೊಬ್ಬ ಇದ್ದಾಗ ಬಿಟ್ಟಿದ್ದು, ಹೋಲಿಸಿ ನೋಡಿದಾಗ ಆ ನಂಟು ಹೆಚ್ಚುಕಡಿಮೆ ಮಾಯವಾಯಿತು. ಬೇರೆ ನೂರು ಕಾರಣಕ್ಕೆ ಸಿಗರೇಟು ಕೆಟ್ಟದ್ದೇ. ಈ ಲೆಕ್ಕ ಮಾತ್ರ ಅದರದ್ದಲ್ಲ.

## ನಿಭಾಯಿಸುವ ಜಾಣ್ಮೆ

ಟೈಮ್‌ಟೇಬಲ್, ಶಿಸ್ತು, ಯೋಗ ಕಲಿಸಿದ್ರೆ ಹೋಗಲ್ವಾ?

ತೊಂದರೆ ಕಡಿಮೆಯಾಗುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ 579 ಮಕ್ಕಳ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು, 1999ರಲ್ಲಿ ಫಲಿತಾಂಶ ಬಂತು. 14 ತಿಂಗಳ ಹೊತ್ತಿಗೆ ಮುಖ್ಯ ಲಕ್ಷಣಗಳ ಮೇಲೆ, ಎಚ್ಚರದಿಂದ ಕೊಟ್ಟ ಔಷಧಿ ಬರೀ ನಡವಳಿಕೆಯ ತರಬೇತಿಗಿಂತ ಮುಂದಿತ್ತು. 3 ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಅಂತರವೇ ಉಳಿಯಲಿಲ್ಲ. ಇದನ್ನು ಔಷಧಿ ಸೋತಿತು ಅಂತ ಓದುವವರಿದ್ದಾರೆ, ತರಬೇತಿ ಗೆದ್ದಿತು ಅಂತ ಓದುವವರೂ ಇದ್ದಾರೆ. ನನಗೆ ಕಾಣುವುದು ಬೇರೆ: ನೆರವು ಇರುವಷ್ಟು ದಿನ ಫಲ. ಊರುಗೋಲು ಹಿಡಿದು ನಡೆದವರ ಕಾಲು ಅದರಿಂದ ಬದಲಾಗುವುದಿಲ್ಲ.

ಜಾಣ್ಮೆ ಗೊತ್ತಿಲ್ಲದೆ ಇರುವುದು ಇಲ್ಲಿ ಸಮಸ್ಯೆಯೇ ಅಲ್ಲ. ಪಟ್ಟಿ ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಹತ್ತಿರ ಈಗ 4 ಡೈರಿ ಇವೆ. ನಾಲ್ಕರಲ್ಲೂ ಜನವರಿ ತುಂಬಿದೆ.

ಪಿಯುಸಿ ತನಕ ಫಸ್ಟ್ ಕ್ಲಾಸು. ಈಗ 34ಕ್ಕೆ ಎಡಿಎಚ್‌ಡಿ ಅಂತಾರೆ. ಇದು ಹೇಗೆ ಸಾಧ್ಯ?

ಇದು ನನ್ನದೇ ಕಥೆ, ಆದ್ದರಿಂದ ಸ್ವಲ್ಪ ಉದ್ದ. ನಮ್ಮ ಅಡುಗೆಮನೆ ಬಾಗಿಲ ಹಿಂದೆ ಅಮ್ಮ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು: ಕಂಪಾಸ್, ನೀರು, ಬಿಳಿ ಸಾಕ್ಸ್, ಶನಿವಾರ ಪಿಟಿ. ಬೆಳಗ್ಗೆ 5ಕ್ಕೆ ಎಬ್ಬಿಸಿ, ಕಾಫಿ ಕೊಟ್ಟು, ನಾನು ಓದುವಷ್ಟು ಹೊತ್ತೂ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರು ಎದ್ದು ಹೋದರೆ ನನ್ನ ಓದೂ ಎದ್ದು ಹೋಗುತ್ತಿತ್ತು. ಹೀಗೆ ಎದುರಿಗೊಬ್ಬರು ಕೂರುವುದನ್ನು ಈಗ ಬಾಡಿ ಡಬ್ಲಿಂಗ್ ಅನ್ನುತ್ತಾರಂತೆ. ಅಮ್ಮನಿಗೆ ಹೇಳಿದೆ, ನಕ್ಕರು.

ಹಾಸ್ಟೆಲ್ ಸೇರಿದ ಮೊದಲ ವರ್ಷ ಹಾಲ್ ಟಿಕೆಟ್ ಕಳೆದುಕೊಂಡೆ, ಮೆಸ್ ಬಿಲ್‌ಗೆ ಮೂರು ತಿಂಗಳು ದಂಡ ಕಟ್ಟಿದೆ. ಎಲ್ಲರೂ "ಸ್ವಾತಂತ್ರ್ಯ ಸಿಕ್ಕಿ ಹಾಳಾದಳು" ಎಂದರು. ನಿಜವಾಗಿ ಆಗಿದ್ದೇನೆಂದರೆ ಆಸರೆ ಕಳಚಿತ್ತು, ಅಷ್ಟೇ. ಒಲವು ಮುಂಚೆಯೂ ಇತ್ತು. ಅದನ್ನು ಅಮ್ಮ ಹೊರುತ್ತಿದ್ದರು. ಹುಡುಗಿಯರಲ್ಲಿ ಇದು ಇನ್ನೂ ಹೆಚ್ಚು ತಪ್ಪಿಸಿಕೊಳ್ಳುತ್ತದೆ. ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ಟೀಚರ್ ಕಣ್ಣಿಗೆ ಬೀಳುತ್ತಾನೆ. ಕಿಟಕಿ ಪಕ್ಕ ಸುಮ್ನೆ ಕೂತು ಎಲ್ಲೋ ಕಳೆದುಹೋದವಳು "ತುಂಬಾ ಒಳ್ಳೆ ಹುಡುಗಿ".

ಆದರೆ ತಡವಾಗಿ ಕಂಡಿದ್ದೆಲ್ಲ ಹೀಗೇ ಅಂತಲ್ಲ. ನ್ಯೂಜಿಲೆಂಡಿನ ಡುನೆಡಿನ್ ಊರಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ದಶಕಗಟ್ಟಲೆ ಗಮನಿಸಿದರು. 38ನೇ ವಯಸ್ಸಿನಲ್ಲಿ ಎಡಿಎಚ್‌ಡಿ ಲಕ್ಷಣ ಇದ್ದವರಲ್ಲಿ ಸುಮಾರು ಶೇ. 90 ಮಂದಿಗೆ ಬಾಲ್ಯದಲ್ಲಿ ಎಡಿಎಚ್‌ಡಿ ಗುರುತಾಗಿರಲಿಲ್ಲ. ಇದು ದೊಡ್ಡ ಗದ್ದಲ ಎಬ್ಬಿಸಿತು. ಆಮೇಲೆ ಇನ್ನೊಂದು ಗುಂಪನ್ನು ಕೂಲಂಕಷವಾಗಿ ನೋಡಿದಾಗ, ತಡವಾಗಿ ಶುರುವಾದಂತೆ ಕಂಡಿದ್ದರಲ್ಲಿ ಹೆಚ್ಚಿನವಕ್ಕೆ ಕುಡಿತ, ಮಾದಕವಸ್ತು, ಬೇರೆ ಮಾನಸಿಕ ತೊಂದರೆಗಳಂಥ ಕಾರಣ ಇತ್ತು. ಖಿನ್ನತೆ, ನಿದ್ದೆಗೇಡು, ಥೈರಾಯ್ಡ್, ಇವೆಲ್ಲ ಗಮನವನ್ನು ಕೆಡಿಸುತ್ತವೆ. ಒಳ್ಳೆಯ ವೈದ್ಯರು ನಿಮ್ಮ ಹಳೆಯ ಮಾರ್ಕ್ಸ್‌ಕಾರ್ಡಿನಲ್ಲಿ ಅಂಕ ಬಿಟ್ಟು ಟೀಚರ್ ಬರೆದ ಷರಾ ಓದುವುದು ಇದಕ್ಕೇ.

ದೊಡ್ಡವನಾದ ಮೇಲೆ ತಾನಾಗೇ ಹೋಗುತ್ತೆ ಅಂತಾರಲ್ಲ?

ಆ 579 ಮಕ್ಕಳ ಗುಂಪನ್ನೇ ಅವರ ಇಪ್ಪತ್ತರ ನಡುವಯಸ್ಸಿನ ತನಕ ಹಿಂಬಾಲಿಸಿದಾಗ, ಪೂರ್ತಿ ಬಿಟ್ಟುಹೋಗಿ ಹಾಗೇ ಉಳಿದವರು ಶೇ. 9ರಷ್ಟು. ಹೆಚ್ಚಿನವರಲ್ಲಿ, ಶೇ. 60ಕ್ಕೂ ಜಾಸ್ತಿ, ಅದು ಬಂದು ಹೋಗಿ ಮಾಡುತ್ತಿತ್ತು. ಒಂದು ಕುತೂಹಲದ ವಿಷಯ: ಜವಾಬ್ದಾರಿ ಜಾಸ್ತಿ ಇದ್ದ ಕಾಲದಲ್ಲೇ ಹಲವರಲ್ಲಿ ಲಕ್ಷಣ ತಗ್ಗಿತ್ತು. ಕೆಲಸದ ಒತ್ತಡ ನೆಟ್ಟಗೆ ಮಾಡಿತೋ, ನೆಟ್ಟಗಿದ್ದಾಗ ಹೆಚ್ಚು ಕೆಲಸ ಒಪ್ಪಿಕೊಂಡರೋ, ಎರಡೂ ಇರಬಹುದು. ಮಾರ್ಚ್ 31 ಹತ್ತಿರ ಬಂದಾಗ ಮಾತ್ರ ಕಂಪ್ಯೂಟರಿನ ಥರ ಕೆಲಸ ಮಾಡುವ ಅಕೌಂಟೆಂಟ್ ಒಬ್ಬರು ನನಗೆ ಗೊತ್ತು.

## ಸಮಾಜದ ಪಾಲು

ಶಾಲೆ ಅನ್ನೋದೇ ಇಲ್ಲದಿದ್ರೆ ಎಡಿಎಚ್‌ಡಿನೂ ಇರ್ತಿರಲಿಲ್ಲ ಅಲ್ವಾ?

ಅರ್ಧ ಸರಿ. ಅಮೆರಿಕದಲ್ಲಿ ಸೆಪ್ಟೆಂಬರ್ 1ಕ್ಕೆ ವಯಸ್ಸಿನ ಗಡಿ ಇರುವ ರಾಜ್ಯಗಳನ್ನು 2018ರಲ್ಲಿ ನೋಡಿದರು. ಆಗಸ್ಟ್‌ನಲ್ಲಿ ಹುಟ್ಟಿ ತರಗತಿಗೇ ಚಿಕ್ಕವರಾದ ಮಕ್ಕಳಲ್ಲಿ 10,000ಕ್ಕೆ 85 ಮಂದಿಗೆ ಎಡಿಎಚ್‌ಡಿ ಎಂದಿದ್ದರು. ಸೆಪ್ಟೆಂಬರ್‌ನಲ್ಲಿ ಹುಟ್ಟಿ ಹಿರಿಯರಾದವರಲ್ಲಿ 64. ಹುಟ್ಟಿದ ತಿಂಗಳು ಬೇರೆಯಾದ ಮಾತ್ರಕ್ಕೆ ಮೆದುಳು ಅಷ್ಟು ಬೇರೆಯಾಗುವುದಿಲ್ಲ. ಪಕ್ಕದ ಬೆಂಚಿನವನಿಗಿಂತ ಸುಮಾರು ಒಂದು ವರ್ಷ ಚಿಕ್ಕವನಾಗಿದ್ದೇ ರೋಗವಾಗಿ ಕಂಡಿತ್ತು. ನಮ್ಮಲ್ಲೂ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮಕ್ಕೆ ದೊಡ್ಡ ಜಗಳವಾಗಿ, 2025–26ಕ್ಕೆ ಸರ್ಕಾರ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಿತು. ಒಂದು ವರ್ಷ ಹಾಳಾಗುತ್ತದೆ ಅಂತ ವಾದಿಸಿದ ಪೋಷಕರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಚಿಕ್ಕ ಮಗುವನ್ನು ಬೇಗ ತಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಕೀನ್ಯಾದ ಅರಿಯಾಲ್ ಪಶುಪಾಲಕರ ಒಂದು ಅಧ್ಯಯನವನ್ನು ಬಹಳ ಜನ ಎತ್ತಿ ಹೇಳುತ್ತಾರೆ. ಚಂಚಲತೆಗೆ ನಂಟಿರುವ ಒಂದು ಜೀನ್ ರೂಪ ಇದ್ದ ಅಲೆಮಾರಿ ಗಂಡಸರು ಮೈಕೈ ತುಂಬಿಕೊಂಡಿದ್ದರು. ಅದೇ ರೂಪ ಇದ್ದು ಒಂದು ಕಡೆ ನೆಲೆಸಿದವರು ಸೊರಗಿದ್ದರು. ಕೇಳಲು ಚೆಂದ. ಆದರೆ ಅದು ಚಿಕ್ಕ ಅಧ್ಯಯನ, ಒಂದೇ ಜೀನ್, ದೊಡ್ಡ ಅಧ್ಯಯನಗಳಲ್ಲಿ ಆ ಜೀನ್ ಮುಂದೆ ಬರಲಿಲ್ಲ.

ಇನ್ನರ್ಧ ಏಕೆ ತಪ್ಪು ಅಂದರೆ, ಪೆಟ್ಟು ಬರೀ ಶಾಲೆಯಲ್ಲಿ ಬೀಳುವುದಿಲ್ಲ. ಡೆನ್ಮಾರ್ಕಿನಲ್ಲಿ 19 ಲಕ್ಷ ಜನರ ದಾಖಲೆ ನೋಡಿದ 2015ರ ಅಧ್ಯಯನದಲ್ಲಿ, ಎಡಿಎಚ್‌ಡಿ ಇರುವವರ ಸಾವಿನ ಪ್ರಮಾಣ ಉಳಿದವರದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. ಹೆಚ್ಚಾಗಿ ಅಪಘಾತದಿಂದ. ರಸ್ತೆ ದಾಟುವುದಕ್ಕೆ ಯಾವ ಮಾಸ್ತರೂ ಅಂಕ ಕೊಡುವುದಿಲ್ಲ.

ಅಮೆರಿಕದಲ್ಲಿ ಮನೆಗೊಬ್ಬರು, ಫ್ರಾನ್ಸ್‌ನಲ್ಲಿ ಒಬ್ಬರೂ ಇಲ್ವಂತೆ?

ಫ್ರಾನ್ಸ್‌ನ ಮಾತು ಗಾಳಿಸುದ್ದಿ. ಅಲ್ಲಿನ ಸಮೀಕ್ಷೆಯಲ್ಲಿ ಶೇ. 3.5ರಿಂದ 5.6ರಷ್ಟು ಮಕ್ಕಳಲ್ಲಿ ಕಂಡಿದೆ. ಜಗತ್ತಿನ ಲೆಕ್ಕವೂ ಶೇ. 5ರ ಆಸುಪಾಸು. ಅಮೆರಿಕದಲ್ಲಿ 2022ರ ಹೊತ್ತಿಗೆ ಶೇ. 11.4 ಮಕ್ಕಳಿಗೆ ಯಾವಾಗಲಾದರೊಮ್ಮೆ ಎಡಿಎಚ್‌ಡಿ ಎಂದು ಹೇಳಿದ್ದರು. 2007ರಲ್ಲಿ ಉತ್ತರ ಕ್ಯಾರೊಲೈನಾದಲ್ಲಿ ಶೇ. 15.6 ಇದ್ದರೆ ಕ್ಯಾಲಿಫೋರ್ನಿಯಾದಲ್ಲಿ 6.2. ಅಂಕ ಕಡಿಮೆ ಬಂದರೆ ಶಾಲೆಗೆ ಶಿಕ್ಷೆ ಎಂಬ ಕಾನೂನು ತಂದ ರಾಜ್ಯಗಳಲ್ಲಿ ಈ ಹಣೆಪಟ್ಟಿ ಹೆಚ್ಚಿತು ಅಂತ ಸಂಶೋಧಕರು ತೋರಿಸಿದ್ದಾರೆ. ಇತ್ತ ಸ್ವೀಡನ್‌ನಲ್ಲಿ 2004ರಿಂದ 2014ರ ತನಕ ಅವಳಿ ಮಕ್ಕಳ ಪೋಷಕರನ್ನು ಕೇಳಿದಾಗ, ತೀವ್ರ ಲಕ್ಷಣ ಇರುವವರ ಪಾಲು ಏರಲಿಲ್ಲ. ಮಕ್ಕಳು ಅಷ್ಟೇನೂ ಬದಲಾಗಿಲ್ಲ, ಗೆರೆ ಎಳೆಯುವ ಜಾಗ ಬದಲಾಗಿದೆ.

ಮಾತ್ರೆ ಕೆಲಸ ಮಾಡಿತು. ಅಲ್ಲಿಗೆ ಹುಟ್ಟಿನದೇ ಅಂತ ಸಾಬೀತಾಯ್ತಲ್ಲ?

ಇಲ್ಲ. ತಲೆಗೆ ಅಮೃತಾಂಜನ ಹಚ್ಚಿದರೆ ನೋವು ತಗ್ಗುತ್ತದೆ, ಅಮೃತಾಂಜನ ಕಡಿಮೆಯಾಗಿ ನೋವು ಬಂದಿತ್ತು ಅಂತಲ್ಲ. 1978ರಲ್ಲಿ ಅಮೆರಿಕದಲ್ಲಿ ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಇದೇ ಬಗೆಯ ಔಷಧಿ ಕೊಟ್ಟಾಗ ಅವರೂ ಹೆಚ್ಚು ಸ್ತಿಮಿತಕ್ಕೆ ಬಂದರು. ಔಷಧಿಯ ಬೆಲೆ ಇರುವುದು ಬೇರೆ ಕಡೆ: 2012ರ ಸ್ವೀಡನ್ ಅಧ್ಯಯನದಲ್ಲಿ ಔಷಧಿ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಗಂಡಸರ ಅಪರಾಧದ ಪ್ರಮಾಣ ಶೇ. 32ರಷ್ಟು ಇಳಿದಿತ್ತು. ನಮ್ಮಲ್ಲಿ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟಕ್ಕೆ ಕಟ್ಟುನಿಟ್ಟು ಇರುವ ಪಟ್ಟಿಯದ್ದು. ಚೀಟಿ ಎರಡು ಪ್ರತಿ ಬೇಕು, ಅಂಗಡಿಯವರು ಒಂದನ್ನು ಇಟ್ಟುಕೊಳ್ಳುತ್ತಾರೆ. ಮರೆಗುಳಿಗಳಿಗೆ ಎರಡು ಪ್ರತಿ ಜೋಪಾನ ಮಾಡುವ ಕೆಲಸ ಕೊಟ್ಟಿದ್ದಾರೆ, ಇರಲಿ.

ಸರ್ಕಾರ ಇದನ್ನ ಒಪ್ಪುತ್ತಾ? ಎಲ್ಲಿ ತೋರಿಸ್ಬೇಕು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ. ಆಟಿಸಂ, ಕಲಿಕೆಯ ನ್ಯೂನತೆ ಇವೆ, ಎಡಿಎಚ್‌ಡಿಗೆ ಪ್ರತ್ಯೇಕ ಹೆಸರಿಲ್ಲ. ತೋರಿಸಲು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ಮೊದಲು ಮಾತಾಡಿ ನೋಡುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ಅವಳಿ ಅಧ್ಯಯನ 74 ಅನ್ನುತ್ತೆ, ಜೀನ್ ನೇರವಾಗಿ ನೋಡಿದ್ರೆ 14 ಸಿಗುತ್ತೆ. ಉಳಿದ 60 ಎಲ್ಲಿ ಹೋಯ್ತು?

ಇದನ್ನು ಕೇಳುವವರು ಕಡಿಮೆ, ಕೇಳಿದವರು ಚೆನ್ನಾಗಿ ಓದಿರುತ್ತಾರೆ. 2023ರ ಅಧ್ಯಯನದಲ್ಲಿ ಸಾಮಾನ್ಯ ಜೀನ್ ರೂಪಗಳೆಲ್ಲ ಸೇರಿ ವಿವರಿಸಿದ್ದು ಶೇ. 14ರಷ್ಟನ್ನೇ. ಒಂದಷ್ಟು ಅಪರೂಪದ ರೂಪಗಳಲ್ಲಿ ಅಡಗಿದೆ. ಒಂದಷ್ಟು ಅವಳಿ ಲೆಕ್ಕದಲ್ಲೇ ಉಬ್ಬಿರಬಹುದು. ಯಾಕೆಂದರೆ ಆ ಲೆಕ್ಕ ಜೀನ್ ಮತ್ತು ಪರಿಸರ ಕೈ ಕೈ ಹಿಡಿದು ಮಾಡುವ ಕೆಲಸವನ್ನೂ ಜೀನ್ ಖಾತೆಗೇ ಹಾಕುತ್ತದೆ. ಚಡಪಡಿಸುವ ಮಗು ಹೆಚ್ಚು ಬೈಸಿಕೊಳ್ಳುತ್ತದೆ, ಬೈಗುಳ ಚಡಪಡಿಕೆಯನ್ನು ಹೆಚ್ಚಿಸುತ್ತದೆ. ಈ ಸುತ್ತನ್ನು ಯಾರ ಖಾತೆಗೆ ಬರೆಯುವುದು?

ಇನ್ನೊಂದು ದಾರಿಯೂ ಇದೆ. ಐಸ್‌ಲ್ಯಾಂಡಿನ 2018ರ ಅಧ್ಯಯನದಲ್ಲಿ, ಮಕ್ಕಳಿಗೆ ದಾಟದೆ ಪೋಷಕರಲ್ಲೇ ಉಳಿದ ಜೀನ್‌ಗಳೂ ಮಕ್ಕಳ ಓದಿನ ಮೇಲೆ ಪ್ರಭಾವ ಬೀರಿದ್ದು ಕಂಡಿತು. ಜೀನ್ ಬರಲಿಲ್ಲ, ಅದು ಕಟ್ಟಿದ ಮನೆಯ ವಾತಾವರಣ ಬಂತು. ಎಡಿಎಚ್‌ಡಿ ಲಕ್ಷಣಗಳಲ್ಲಿ ಇದರ ಗುರುತು ಅಷ್ಟು ಬಲವಾಗಿ ಸಿಕ್ಕಿಲ್ಲ. ಆದರೂ ನಮ್ಮ ಮನೆಯಲ್ಲಿ ಕೂತು ಯೋಚಿಸಿದರೆ ಇದು ಲೆಕ್ಕದ ಪ್ರಶ್ನೆ ಅಷ್ಟೇ ಅಲ್ಲ. ಬೆಳಗ್ಗೆ ಮಗ ಐಡಿ ಕಾರ್ಡ್ ಹುಡುಕುತ್ತಿರುತ್ತಾನೆ. ನಾನು ಸ್ಕೂಟರ್ ಕೀ ಹುಡುಕುತ್ತಿರುತ್ತೇನೆ. ಅಮ್ಮ ಊರಿಂದ ಬಂದ ದಿನ ಎರಡೂ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತವೆ.